ಎಲ್ಲೀತನಕಾ ಬಂದ್ರಿ?

ನನ್ನ ಗಾಡಿ ಹತ್ತಿದವರು ಮೊದಲು ಕೇಳುವುದು ಒಂದೇ ಮಾತು. "ಅಲ್ರೀ, ಟೇಪ್ ಎಲ್ಲಿ ಹೋತ್ರಿ?"

ಸ್ಟೇರಿಂಗಿನ ಎಡಕ್ಕೆ, ಟೇಪ್ ಇರಬೇಕಾದ ಜಾಗದಲ್ಲಿ ಚೌಕಾಕಾರದ ಒಂದು ತೂತಿದೆ. ಕೆಂಪು, ಹಳದಿ ವೈರುಗಳು ಹೊರಗೆ ಇಣುಕುತ್ತಿದ್ದವೆಂದು ಅದರೊಳಗೆ ಗಾಜು ಒರೆಸುವ ಅರಿವೆ ತುರುಕಿದ್ದೇನೆ. "ಕಳುವಾತ್ರಿ" ಎನ್ನುತ್ತೇನೆ. ಸುಳ್ಳು. ನಾನೇ ಸ್ಕ್ರೂಡ್ರೈವರ್ ಹಿಡಿದು ಕಿತ್ತದ್ದು. ಮೊನ್ನೆ ಮದುವೆ ಬಾಡಿಗೆಗೆ ಬಂದ ಮದುಮಗನ ಭಾವ, "ಹಾಡಿಲ್ಲದ ಗಾಡಿ ಏನ್ ಗಾಡಿರೀ, ಹೆಣಾ ಒಯ್ಯೂ ಗಾಡಿ ಆದಂಗಾತು" ಎಂದು ಹಲ್ಲು ಕಿಸಿದ. ಅಲ್ಲೇ ಕಬ್ಬಿನ ಗದ್ದೆಯ ಪಕ್ಕ ಇಳಿಸಿ ಹೋಗಿಬಿಡೋಣ ಅನ್ನಿಸಿತು. ಹಲ್ಲು ಕಚ್ಚಿ ಗೇರು ಬದಲಿಸಿದೆ.

ನಮ್ಮ ಕಡೆ ಅದಕ್ಕೆ ಇನ್ನೂ ಟೇಪ್ ಎಂದೇ ಹೆಸರು. ಕ್ಯಾಸೆಟ್ ಹೋಯಿತು, ಸಿಡಿ ಹೋಯಿತು, ಈಗ ಮೊಬೈಲಿನಿಂದ ಗಾಳಿಯಲ್ಲೇ ಹಾಡು ಹಾರಿ ಬರುತ್ತದೆ. ಹೆಸರು ಮಾತ್ರ ಹಾಗೇ ಉಳಿದಿದೆ.

ನಾನು ಬೋರಗಾಂವದವನು. ಊರೊಳಗೆ ಹಗಲೂ ರಾತ್ರಿ ಪಾವರ್‌ಲೂಮ್ ಮಾಗಗಳು, ಅಂದರೆ ನೇಯುವ ಮಗ್ಗಗಳು, ಖಟಾಖಟ್ ಬಡಿಯುತ್ತಿರುತ್ತವೆ. ಅಪ್ಪ ಮೂವತ್ತು ವರ್ಷ ಆ ಮಾಗದ ಮುಂದೆಯೇ ನಿಂತವನು. ನನಗೆ ಮಾಗ ಒಗ್ಗಲಿಲ್ಲ. ಹಳೆಯ ಬಿಳಿ ಕಾರೊಂದನ್ನು ಹಿಡಿದು ಬಾಡಿಗೆ ಹೊಡೆಯಲು ಶುರು ಮಾಡಿದೆ. ನಿಪ್ಪಾಣಿಯ ಬಜಾರ, ಚಿಕ್ಕೋಡಿಯ ಕೋರ್ಟು, ರಾಯಬಾಗದ ಸ್ಟೇಶನ್ನು, ಮಿರಜದ ದವಾಖಾನೆ. ಕಾರು ಹಳೆಯದಾದರೂ ಟೇಪು ಹೊಚ್ಚ ಹೊಸದು. ಸದ್ದಿನಲ್ಲೇ ಹುಟ್ಟಿ ಬೆಳೆದವನಿಗೆ ಸುಮ್ಮನಿರುವ ಗಾಡಿ ಎಂದರೆ ಮೈಗೆ ಆಗುತ್ತಿರಲಿಲ್ಲ.

ಆ ಟೇಪಿನದು ದೊಡ್ಡ ಉಪಕಾರ. ಚಾವಿ ತಿರುವಿದರೆ ಸಾಕು, ತಾನೇ ಮೊಬೈಲನ್ನು ಹುಡುಕಿ ಹಿಡಿದು, ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಾಡು ಹಚ್ಚುತ್ತಿತ್ತು. ಫೋನು ಬಂದರೆ ಹಾಡು ನಿಲ್ಲಿಸಿ ತಾನೇ ಎತ್ತುತ್ತಿತ್ತು. ನಾನು ಕೈ ಹಚ್ಚುವುದೇ ಬೇಡ. ಹಿಂದೆ ಹೊಸ ಬೀಗರನ್ನು ಕೂರಿಸಿಕೊಂಡು ಗತ್ತಿನಿಂದ ಹೋಗುವಾಗ ನಾಕೂ ಸ್ಪೀಕರಿನಲ್ಲಿ ನನ್ನ ಹೆಂಡತಿ, "ಬರಾಗ ಕೊತ್ತಂಬರಿ ತರ್ರಿ, ಮರೀಬ್ಯಾಡ್ರಿ ಮತ್ತ, ನಿಮ್ಮ ತಲಿಯೊಳಗ ಮಣ್ಣ ತುಂಬೇತಿ" ಎಂದು ಒದರಿದ್ದೂ ಉಂಟು. ಬೀಗರು ನಕ್ಕರು, ನನ್ನ ಮಾನ ಹೋಯಿತು. ಆದರೂ ಆ ಸೆಟ್ಟಿಂಗು ತೆಗೆಸಲಿಲ್ಲ. ಆಗಲೇ ತೆಗೆಸಿದ್ದರೆ ಎಷ್ಟು ಚೆನ್ನಾಗಿತ್ತು.

ಬಾಡಿಗೆಗಳಲ್ಲಿ ಒಂದು ಬೇರೆ ನಮೂನೆಯದಿದೆ. ಯಾರದೋ ಮನೆಯಲ್ಲಿ ತಂದೆಯೋ ತಾಯಿಯೋ ತೀರಿಕೊಂಡಿರುತ್ತಾರೆ. ಕೊಟ್ಟ ಊರಿನಿಂದ ಮಗಳು ಬಂದು ಬಾಯಲ್ಲಿ ನೀರು ಬಿಡುವ ತನಕ ಹೆಣ ಎತ್ತುವುದಿಲ್ಲ. ಆದರೆ ಆ ಸುದ್ದಿಯನ್ನು ಅವಳಿಗೆ ಮೊದಲೇ ಹೇಳುವ ಪದ್ಧತಿ ನಮ್ಮಲ್ಲಿಲ್ಲ. "ಸೀರಿಯಸ್ ಐತಿ, ಬಂದು ಮಾರಿ ನೋಡಿ ಹೋಗು" ಎನ್ನಬೇಕು. ಗೊತ್ತಾದ ಮೇಲೆ ಅವಳು ಮಣ್ಣು ಆಗುವ ತನಕ ಗುಟುಕು ನೀರೂ ಮುಟ್ಟುವುದಿಲ್ಲ, ಹಾಗಾಗಿ ದಾರಿಯಲ್ಲೇ ಎಲ್ಲಾದರೂ ನಿಲ್ಲಿಸಿ ಚಹಾ, ಬನ್ನು, ಎರಡು ಭಜಿ ತಿನ್ನಿಸಿ ಕರೆದುಕೊಂಡು ಬರಬೇಕು. ಓಣಿಯ ತಿರುವಿನಲ್ಲಿ ಜನ ನಿಂತದ್ದು ಕಂಡಾಗ ಅವಳಿಗೆ ತಾನಾಗಿಯೇ ತಿಳಿಯುತ್ತದೆ. ಆಗ ಹಿಡಿಯಲು ಹತ್ತು ಕೈಗಳಿರುತ್ತವೆ.

ಈ ಕೆಲಸದಲ್ಲಿ ನನ್ನದು ಒಳ್ಳೆಯ ಕೈ ಎಂದು ಹೆಸರಾಗಿತ್ತು. ನನ್ನ ಹಿಕ್ಮತ್ತೆಲ್ಲ ಟೇಪಿನದು. ಮೊಬೈಲಿನಲ್ಲಿ ವಿಮಾನದ ಗುರುತು ಒತ್ತಿಬಿಡುತ್ತಿದ್ದೆ, ಯಾರ ಫೋನೂ ಒಳಗೆ ಬರದ ಹಾಗೆ. ಆಮೇಲೆ ಬ್ಲೂಟೂತ್ ಒಂದನ್ನೇ ಮತ್ತೆ ಆನ್ ಮಾಡಿ ಸಣ್ಣಗೆ ಹಾಡು ಹಚ್ಚುತ್ತಿದ್ದೆ. ಕುಣಿಸುವ ಹಾಡಲ್ಲ, ಅಳಿಸುವ ಹಾಡೂ ಅಲ್ಲ, ನಡುವಿನದು. ಏನಾದರೂ ಆಗಿದ್ದರೆ ಇವನು ಹಾಡು ಹಚ್ಚುತ್ತಿದ್ದನೇನು ಎಂದು ಹಿಂದೆ ಕೂತ ಹೆಣ್ಣುಮಗಳ ಜೀವ ತಣ್ಣಗಾಗಬೇಕು. ಆಗುತ್ತಿತ್ತು. "ಅವನ ಗಾಡಿ ಕಳಸ್ರಿ, ಆಂವ ಬರೋಬರಿ ಕರ್ಕೊಂಡ ಬರ್ತಾನ" ಎಂದು ಹಿರಿಯರು ಹೇಳಿದಾಗ ನನಗೆ ಒಳಗೊಳಗೇ ಉಬ್ಬು. ಥೂ, ಎಂಥ ಉಬ್ಬು ಅದು!

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಒಬ್ಬಳಿದ್ದಾಳೆ. ಅವಳನ್ನು ಅಥಣಿ ತಾಲೂಕಿನ ಅನಂತಪುರಕ್ಕೆ ಕೊಟ್ಟಿದ್ದೇವೆ. ಒಮ್ಮೆ ಅವಳು ತವರಿಗೆ ಬಂದಾಗ ಅಂಥದೊಂದು ಬಾಡಿಗೆ ಬಂತು. ನಮ್ಮ ಓಣಿಯ ಮುದುಕಿಯೊಬ್ಬಳು ತೀರಿಕೊಂಡಿದ್ದಳು, ಮಗಳನ್ನು ಹಾರೂಗೇರಿಯಿಂದ ತರಬೇಕಿತ್ತು. ಆ ಮಗಳು ಅಕ್ಕನ ಸಣ್ಣಂದಿನ ಗೆಳತಿ. ಗೆಳತಿಯ ಜೊತೆಗಿರಲಿ ಎಂದು ಅಕ್ಕನೂ ಗಾಡಿ ಹತ್ತಿದಳು. ನಾನು ವಿಮಾನದ ಗುರುತು ಒತ್ತಿದ್ದು, ಹಾಡು ಹಚ್ಚಿದ್ದು, ಚಿಕ್ಕೋಡಿಯಲ್ಲಿ ನಿಲ್ಲಿಸಿ ಭಜಿ ತಿನ್ನಿಸಿದ್ದು, ಎಲ್ಲವನ್ನೂ ಅವಳು ನೋಡಿದಳು. ಗೆಳತಿ ಹಾಡಿಗೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಓಣಿಯ ತಿರುವಿಗೆ ಬಂದಾಗ ಅವಳು ಹಾಕಿದ ಚೀರಾಟ ನನಗೂ ಅಕ್ಕನಿಗೂ ಮರೆಯುವಂಥದ್ದಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ನಿನ್ನ ಬಾಯಾಗ ಹುಳಾ ಬೀಳಲಿ. ಭಜಿ ತಿನಸ್ತೀಯೇನೋ, ಭಜಿ? ಪಾಪ, ಅದು ತಾಳಾ ಹಾಕಾಕತ್ತಿತ್ತೋ!"

"ಪದ್ಧತಿ ಐತಿ ಅಕ್ಕಾ. ನಾ ಏನ್ ಮಾಡ್ಲಿ?"

"ನಿನ್ನ ಪದ್ಧತಿಗಿಷ್ಟ ಬೆಂಕಿ ಹಾಕ. ಕೇಳಿಲ್ಲಿ. ನನ್ನ ಪಾಳಿ ಬಂದಾಗ ಹಿಂಗ ಮಾಡಿದಿ ಅಂದ್ರ ನಿನ್ನ ಮಾರಿ ನೋಡಂಗಿಲ್ಲ. ಇದ್ದದ್ದು ಇದ್ದಂಗ ಹೇಳಬೇಕ. ಆಣಿ ಮಾಡು."

ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದೆ. ಅವಳಿಗೆ ಆಗಲೂ ನಂಬಿಕೆ ಬರಲಿಲ್ಲ. "ನಿನ್ನ ಹೆಂಗ ನಂಬೂದೋ? ನಿನ್ನ ಗಾಡ್ಯಾಗ ಹಾಡ ಹತ್ತಿತಂದ್ರ ಸುಳ್ಳ ಹೊಂಟೈತಿ ಅಂತನ ತಿಳಕೋಬೇಕ" ಎಂದಳು. ಇಬ್ಬರೂ ನಕ್ಕೆವು.

ಇನ್ನೊಂದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ವರ್ಷ ಪಂಚಮಿಗೆ ಅಕ್ಕನನ್ನು ಕರೆತರುವುದು ನನ್ನ ಕೆಲಸ. ಬೆಳಿಗ್ಗೆ ನಾನು ಬಿಟ್ಟ ಗಳಿಗೆಯಿಂದ ಅಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅರ್ಧ ತಾಸಿಗೊಮ್ಮೆ ಫೋನು. "ಎಲ್ಲೀತನಕಾ ಬಂದ್ರಿ?" ಮಗಳು ಇನ್ನೂ ಗಾಡಿ ಹತ್ತಿರದಿದ್ದರೂ "ಎಲ್ಲೀತನಕಾ ಬಂದ್ರಿ?" ಮಾಗದ ಸದ್ದಿನಲ್ಲಿ ಬಾಳುವೆ ಮಾಡಿದವನ ದನಿ, ಯಾವಾಗಲೂ ನಾಲ್ಕು ಮಂದಿಗೆ ಕೇಳುವಷ್ಟು. ಒಂದು ವರ್ಷ ಫೋನು ಹತ್ತದೆ, ಯಾರೋ ಹೇಳಿಕೊಟ್ಟು, ಮಗಳಿಗೆಂದು ನನ್ನ ಮೊಬೈಲಿಗೆ ದನಿ ತುಂಬಿಸಿ ಕಳಿಸಿದ. "ಅವ್ವಾ, ಎಲ್ಲೀತನಕಾ ಬಂದ್ರಿ?" ಅಷ್ಟೇ. ಅದನ್ನು ನಾನು ಮೊಬೈಲಿನಲ್ಲಿ ಹಾಡುಗಳ ನಡುವೆ ಸೇರಿಸಿ ಇಟ್ಟೆ.

ಮರುವರ್ಷ ಕಾಗವಾಡಕ್ಕೆ ಬಂದಾಗ ಹಾಡಿನ ಮಧ್ಯೆ ಅದನ್ನು ಹಚ್ಚಿದೆ. ಅಕ್ಕ ಬೆಚ್ಚಿ, "ಬಂದ್ವಿ ಅಪ್ಪಾ, ಕಾಗವಾಡದಾಗ ಅದೀವಿ, ನೀ ಉಂಡೇನ? ಗುಳಗಿ ತಗೊಂಡೇನ?" ಎಂದು ಟೇಪಿಗೆ ಉತ್ತರ ಕೊಟ್ಟಳು. ಟೇಪು ಮುಂದಿನ ಹಾಡಿಗೆ ಹೋಯಿತು. ನಾನು ನಕ್ಕು ನಕ್ಕು ಗಾಡಿಯನ್ನು ಬದಿಗೆ ಹಾಕಬೇಕಾಯಿತು. "ಭಾಡ್ಯಾ, ನನ್ನ ಹುಚ್ಚಿ ಮಾಡ್ತೀಯೇನು" ಎಂದು ಬೆನ್ನಿಗೆ ಎರಡು ಕೊಟ್ಟಳು. ಅಲ್ಲಿಂದ ಪ್ರತಿ ಪಂಚಮಿಗೂ ಕಾಗವಾಡ ಬಂತೆಂದರೆ ನಾನು ಅದನ್ನು ಹಚ್ಚುವುದು, ಅವಳು ಬಾಯಿ ಬಿಗಿದು ಕೂರುವುದು. "ಇನ್ನ ಜನ್ಮದಾಗ ನಾ ಆ ಟೇಪಿಗೆ ಮಾತಾಡಂಗಿಲ್ಲ" ಎನ್ನುತ್ತಿದ್ದಳು. ಅಪ್ಪನಿಗೂ ಹೇಳಿ ನಗಿಸಿದ್ದೆವು.

ಅಪ್ಪನ ಎದೆಯೊಳಗೆ ನೂಲಿನ ದೂಳು ತುಂಬಿತ್ತು. ಉಸಿರು ಎಳೆದರೆ ಸೀಟಿ. ಮಿರಜದಲ್ಲಿ ಎಂಟು ದಿನ ಇಟ್ಟುಕೊಂಡು, "ಮನೆಗೆ ಒಯ್ಯಿರಿ, ಇಲ್ಲಿ ಇನ್ನು ಮಾಡುವುದೇನಿಲ್ಲ" ಎಂದರು. ಅಕ್ಕ ದವಾಖಾನೆಗೇ ಬಂದು ನೋಡಿಕೊಂಡು, ಎಮ್ಮೆ ಕರು ಹಾಕುವುದಿತ್ತೆಂದು ಊರಿಗೆ ಹೋಗಿದ್ದಳು. ಮನೆಗೆ ತಂದ ಮೂರನೇ ದಿನ ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟು, ಬರೋಬರಿ ಎಚ್ಚರದಲ್ಲಿ, "ಅಕಿನ್ನ ಕರ್ಕೊಂಡ ಬಾ, ಮಾತಾಡೂದೈತಿ" ಎಂದ. ಅವ್ವ ನನ್ನನ್ನು ಹೊರಗೆ ಕರೆದು, "ಲಗೂನ ಹೋಗು. ಬರಾಗ ಅಕಿಗೆ ಹೊಟ್ಟಿಗೆ ಏನರ ಹಾಕಿಸಿ ಕರ್ಕೊಂಡ ಬಾ. ಇಂದ ಏನ್ ಆಕ್ಕೈತೋ ಏನೋ" ಎಂದಳು. ಅಪ್ಪನ ಹತ್ತಿರ ನನ್ನ ಹೆಂಡತಿ ಕೂತಳು.

ಕಬ್ಬಿನ ಹಂಗಾಮದ ದಿನಗಳು. ಅಕ್ಕನ ಗಂಡ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಮೇಲೆ ಹೋಗಿದ್ದ. ಅಕ್ಕ ಒಬ್ಬಳೇ ಅಂಗಳದಲ್ಲಿ ಸೆಗಣಿ ಬಳಿಯುತ್ತಿದ್ದಳು. ನನ್ನನ್ನು ಕಂಡವಳೇ ನೆಟ್ಟಗೆ ನಿಂತಳು. ನಾನು ಆಣೆ ಮರೆತಿರಲಿಲ್ಲ.

"ಅಕ್ಕಾ, ಖರೇ ಹೇಳ್ತೀನಿ. ಅಪ್ಪ ಅದಾನ. ಸೀರಿಯಸ್ ಅದಾನ, ಆದ್ರ ಮಾತಾಡ್ತಾನ. ನಿನ್ನ ಕೇಳಾಕತ್ತಾನ. ನಡಿ."

ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. "ಖರೇನ?" "ನಿನ್ನ ಆಣಿಗೂ ಖರೆ." ಕೈ ತೊಳೆದು, ಉಟ್ಟ ಸೀರೆಯಲ್ಲೇ ಓಡಿ ಬಂದು ಗಾಡಿ ಹತ್ತಿದಳು. ನಂಬಿದ್ದಳು. ಆ ಗಳಿಗೆಯಲ್ಲಿ ಅವಳು ನನ್ನನ್ನು ನಂಬಿದ್ದಳು ಎಂಬುದರ ಬಗ್ಗೆ ನನಗೆ ಸಂಶಯವಿಲ್ಲ.

ನಾನು ಚಾವಿ ತಿರುವಿದೆ. ಟೇಪು ಮೊಬೈಲನ್ನು ಹಿಡಿದು, ನಿನ್ನೆ ನಿಂತಲ್ಲಿಂದ ಹಾಡು ಶುರು ಮಾಡಿತು.

ದೇವರಾಣೆ, ಆ ಹಾಡು ನನ್ನ ಕಿವಿಗೇ ಬಿದ್ದಿರಲಿಲ್ಲ. ದಿನಾ ಹತ್ತುವ ಹಾಡು, ದಿನಾ ಇರುವ ಸದ್ದು. ತಲೆಯಲ್ಲಿ ಅಪ್ಪನ ಸೀಟಿಯುಸಿರೇ ತುಂಬಿತ್ತು. ಊರ ಹೊರಗಿನ ಬೇವಿನ ಮರದ ತನಕ ಬಂದಿದ್ದೆವು. ಅಕ್ಕ ಟೇಪಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, "ಗಾಡಿ ನಿಂದ್ರಸು. ಒಂದು ಸಾಮಾನ ಮರತೀನಿ, ತಿರುಗಿ ಹೋಗೂಣ" ಎಂದಳು.

"ಯಾವ ಸಾಮಾನ? ಇರ್ಲಿ ಬಿಡ."

"ತಿರುಗಸು ಅಂದೆ."

ತಿರುಗಿಸಿದೆ. ಒಳಗೆ ಹೋದವಳು ಇಪ್ಪತ್ತು ನಿಮಿಷ ಬರಲಿಲ್ಲ. ನಾನು ಹಾರ್ನ್ ಹೊಡೆಯುತ್ತಲೇ ಇದ್ದೆ. ಬರುವಾಗ ಸೀರೆ ಬದಲಾಗಿತ್ತು, ಹಳೆಯದೊಂದು ಉಟ್ಟಿದ್ದಳು. ಕೈಯಲ್ಲಿ ಚೀಲ. ನೆರೆಮನೆಯವಳಿಗೆ, "ಐದಾರು ದಿನ ಎಮ್ಮಿ ನೋಡ್ಕೋಬೇ" ಎಂದು ಹೇಳಿದ್ದು ನನಗೂ ಕೇಳಿಸಿತು. ಆಗಲೂ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ. ಈ ಹೆಂಗಸರ ಸಾಮಾನು ಯಾವತ್ತಿಗೂ ತೀರುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಗಾಡಿ ಓಡಿಸಿದೆ.

ದಾರಿಯಲ್ಲಿ ಅವಳು ಅಪ್ಪ ಹೇಗಿದ್ದಾನೆ ಎಂದು ಕೇಳಲೇ ಇಲ್ಲ. ಧೈರ್ಯದ ಹೆಣ್ಣುಮಗಳು ಎಂದುಕೊಂಡೆ. ಕಾಗವಾಡದಲ್ಲಿ ಅವ್ವ ಹೇಳಿದ ಹಾಗೆ ಚಹಾದಂಗಡಿಯ ಮುಂದೆ ನಿಲ್ಲಿಸಿದೆ.

"ಅಕ್ಕಾ, ಒಂದೀಟ ಚಾ ಕುಡಿ. ಭಜಿ ತಿಂತೇನ?"

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. "ತಗೊಂಬಾರಪಾ, ತಿನಸು" ಎಂದಳು.

ಮೊಬೈಲು ಗೇರಿನ ಪಕ್ಕದ ತಗ್ಗಿನಲ್ಲಿ ಮಕಾಡೆ ಬಿದ್ದಿತ್ತು. ಸೆಕೆಯಾಗದಿರಲೆಂದು ಚಾವಿಯನ್ನು ಹಾಗೇ ಬಿಟ್ಟು ಇಳಿದೆ. ಫ್ಯಾನು ತಿರುಗುತ್ತಿತ್ತು, ಹಾಡು ನಡೆದಿತ್ತು. ಅಂಗಡಿಯವನು ಮರಾಠಿಯಲ್ಲಿ ಯಾರ ಜೊತೆಗೋ ಜಗಳ ಹೂಡಿದ್ದ. "ದೋನ್ ಚಹಾ ದ್ಯಾ ಹೋ, ಲೌಕರ್," ಬೇಗ ಎರಡು ಚಹಾ ಕೊಡಿ ಎಂದು ನಾನು ಎರಡು ಸಲ ಕೂಗಬೇಕಾಯಿತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಆಳೆತ್ತರದ ಸ್ಪೀಕರು ಹಚ್ಚಿಕೊಂಡು ಒಂದರ ಹಿಂದೊಂದು ಹೋಗುತ್ತಿದ್ದವು.

ಚಹಾ ಹಿಡಿದು ಬಂದಾಗ ಗಾಡಿಯೊಳಗೆ ಸದ್ದಿರಲಿಲ್ಲ. ಟೇಪಿನ ದೀಪ ಆರಿತ್ತು. ಅಕ್ಕ ಸೆರಗಿನ ತುದಿ ಬಾಯಲ್ಲಿ ಕಚ್ಚಿ ಕೂತಿದ್ದಳು.

"ಯಾಕ, ಹಾಡು ಬಂದ್ ಮಾಡಿದಿ?"

"ನಾಚಿಕಿ ಬರಂಗಿಲ್ಲೇನೋ ನಿನಗ? ಹಾಡ ಹಚ್ಚಿದಿ, ಸುಮ್ಮನಾದೆ. ಭಜಿ ತಿನ್ನಸ್ತೀನಿ ಅಂದಿ, ಸುಮ್ಮನಾದೆ. ಈಗ ಅಪ್ಪನ ಆ ಧ್ವನಿನೂ ಹಚ್ಚಿ ಹೋಗೀದಿ. ಅಂವ ಜೀವಂತ ಅದಾನಂತ ನಂಬಸಾಕ! ಸತ್ತಾಂವನ ಧ್ವನಿ, ಇಂದ, ಇಲ್ಲೇ ಕಾಗವಾಡದಾಗ... ನಾ ಏನ್ ಸಣ್ಣ ಕೂಸೇನೋ?"

ಚಹಾ ಕೆಳಗಿಟ್ಟೆ. "ಯಾವ ಧ್ವನಿ? ನಾ ಏನೂ ಹಚ್ಚಿಲ್ಲ" ಎನ್ನುತ್ತಲೇ ಮೊಬೈಲು ಎತ್ತಿ ನೋಡಿದೆ. ಹೆಂಡತಿಯ ಫೋನು ಬಂದಿತ್ತು. ಎರಡು ನಿಮಿಷದ ಹಿಂದೆ. ಎತ್ತಿದ್ದೂ ಆಗಿತ್ತು, ಮುಗಿದದ್ದೂ ಆಗಿತ್ತು. ಈ ಸಲ ನಾನು ವಿಮಾನದ ಗುರುತು ಒತ್ತಿರಲಿಲ್ಲ. ಯಾಕೆ ಒತ್ತಲಿ? ಈ ಸಲ ಸುಳ್ಳಿರಲಿಲ್ಲವಲ್ಲ. ಫೋನು ಬಂದಿದೆ, ಟೇಪು ತಾನೇ ಎತ್ತಿದೆ, ಅಪ್ಪ ಮಾತಾಡಿದ್ದಾನೆ.

ಮೊಬೈಲು ಹಿಡಿದು ಅಂಗಡಿಯ ಹಿಂದೆ ಹೋಗಿ ಫೋನು ಹಚ್ಚಿದೆ. ಹೆಂಡತಿ ಎತ್ತಿ, "ಮಾವಾರು ಹಟಾ ಹಿಡದ್ರು, ಅದಕ್ಕ ಹಚ್ಚಿ ಕೊಟ್ಟಿದ್ದೆ. ಈಗ ಕಣ್ಣ ಮುಚ್ಯಾರ. ಉಸರು ಐತಿ. ಲಗೂನ ಬರ್ರಿ" ಎಂದಳು. ಇನ್ನೊಮ್ಮೆ ಅಪ್ಪನ ಕಿವಿಗೆ ಹಿಡಿ ಎಂದೆ. "ಎಬ್ಬಿಸಿದ್ರ ಏಳವಲ್ರು. ನೀವ ಬರ್ರಿ ಮೊದಲ" ಎಂದಳು. ಅವಳ ದನಿಯಲ್ಲಿ ಏನೋ ಇತ್ತು, ಕೇಳಲು ಪುರುಸೊತ್ತಿರಲಿಲ್ಲ.

ಆಗಲೇ ಅಕ್ಕನಿಗೆ ಹೇಳಬೇಕಿತ್ತು. ಅದು ತುಂಬಿಸಿಟ್ಟ ದನಿ ಅಲ್ಲವೇ ಅಕ್ಕಾ, ಅಪ್ಪನೇ, ಈಗಲೇ, ಎಂದು. ನಾನು ಹೇಳಲಿಲ್ಲ. ಇನ್ನೊಂದು ತಾಸಿನಲ್ಲಿ ಕಣ್ಣಾರೆ ನೋಡುತ್ತಾಳೆ, ಆಮೇಲೆ ಮೂವರೂ ಕೂಡಿ ಇದಕ್ಕೂ ನಗೋಣ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿ ನಾನು. ಅವಳ ಮೇಲೆ ಸಿಟ್ಟೂ ಬಂದಿತ್ತು, ಆಣೆ ಮಾಡಿ ಹೇಳಿದರೂ ನಂಬಲಿಲ್ಲವಲ್ಲ ಎಂದು. "ಅದಾನ, ಅಪ್ಪ ಅದಾನ, ಎಷ್ಟ ಸಲಾ ಒದರ್ಲಿ!" ಎಂದು ಕೂಗಿ ಗಾಡಿ ಎಬ್ಬಿಸಿದೆ. ಚಹಾ ಅಲ್ಲೇ ಉಳಿಯಿತು.

ಕೃಷ್ಣೆಯ ಸೇತುವೆಯ ಮೇಲೆ ಎರಡು ಟ್ರೇಲರಿನ ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಮುಂದೆ ಹೋಗಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ನಾನು ಇಳಿದು ಹೋಗಿ ಕಂಡಕಂಡವರನ್ನೆಲ್ಲ ಬೈದೆ, ಕಾಲಿಗೆ ಬಿದ್ದೆ, ಟ್ರೇಲರು ನೂಕಿದೆ. ಅರ್ಧ ತಾಸು ಹೋಯಿತು. ಬೆವರು ಒರೆಸಿಕೊಳ್ಳುತ್ತ ಬಂದರೆ ಅಕ್ಕ ತಣ್ಣಗೆ ಕೂತಿದ್ದಳು. "ಯಾಕ ಅಷ್ಟ ಗಡಬಡಿ ಮಾಡ್ತಿ? ನಿಧಾನ ಹೊಡಿ. ಹ್ವಾದಾಂವ ಇನ್ನೆಲ್ಲಿ ಹೊಕ್ಕಾನ? ನಾ ಬರೂತನಕ ಎತ್ತಂಗಿಲ್ಲಲ್ಲ" ಎಂದಳು. ನಾನು ಗೇರು ಹಾಕಿದೆ. ಸದಲಗಾ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

ಓಣಿಯ ತಿರುವಿನಲ್ಲಿ ಜನ ನಿಂತಿದ್ದರು.

ಜನರನ್ನು ಕಂಡು ನಾನು ಅಲ್ಲೇ ಬ್ರೇಕ್ ಒತ್ತಿದೆ. ಅಕ್ಕ ಮಾತ್ರ ದಾರಿಯುದ್ದಕ್ಕೂ ಸಜ್ಜಾಗಿ ಬಂದವಳು. ಚೀಲದಿಂದ ಹೊಸ ಧೋತರ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಟ್ಟಗೆ ಒಳಗೆ ನಡೆದಳು. ಅಪ್ಪನಿಗೆ ಹೊದಿಸಲೆಂದು ಮಗಳ ಮನೆಯ ಅರಿವೆ. ಇಪ್ಪತ್ತು ನಿಮಿಷ ಟ್ರಂಕಿನಲ್ಲಿ ಹುಡುಕಿದ್ದು ಅದನ್ನೇ. ಅಪ್ಪನ ಪಕ್ಕ ಕೂತು, "ಅಪ್ಪಾ" ಎಂದು ಅಳುತ್ತ ಎದೆಯ ಮೇಲೆ ಕೈ ಇಟ್ಟಳು. ಇಟ್ಟ ಕೈ ಹಾಗೇ ನಿಂತಿತು.

"ಬೆಚ್ಚಗದಾನ" ಎಂದಳು. ಯಾರ ಕಡೆಗೂ ನೋಡದೆ, ಮತ್ತೆ, "ಬೇ ಅವ್ವಾ, ಅಪ್ಪ ಬೆಚ್ಚಗದಾನ."

ಅವ್ವ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಈಗ ಕಾಲ ತಾಸ ಆತವ್ವಾ. ನಿನ್ನ ದಾರಿ ಕಾಯ್ದು ಕಾಯ್ದು ಹ್ವಾದ. ಇರ್ಲಿ ಬಿಡು, ಫೋನಿನ್ಯಾಗರ ನಿನ್ನ ಕೂಡ ಮಾತಾಡಿದ್ನಲ್ಲ. ನಿನ್ನ ಧ್ವನಿ ನಾ ಅಡಗಿ ಮನ್ಯಾಗ ಕೇಳಿದೆ. ಅಷ್ಟರ ಪುಣ್ಯಾ ಪಡದಿ."

ಅಕ್ಕ ತಲೆ ಎತ್ತಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಕಾಗವಾಡದಲ್ಲಿ ಫೋನಿನೊಳಗೆ ಮಾತಾಡಿದ್ದು ಅಪ್ಪನೇ ಎಂದು ಅವಳಿಗೆ ತಿಳಿಯಿತು, ಆದರೆ ಮನೆ ತುಂಬ ಜನ. "ಹೌದವ್ವಾ, ಮಾತಾಡಿದೆ" ಎಂದಳು. ಆಮೇಲೆ ಹಾಕಿದ ಚೀರಾಟಕ್ಕೆ ಪಕ್ಕದ ಶೆಡ್ಡಿನ ಮಾಗಗಳನ್ನು ಬಂದ್ ಮಾಡಿದರು.

ಮೂರನೇ ದಿನ ನನ್ನ ಹೆಂಡತಿ ಹಿತ್ತಲಿನಲ್ಲಿ ನನಗೆ ಉಳಿದದ್ದನ್ನು ಹೇಳಿದಳು. ಅಪ್ಪ, "ಅವ್ವಾ, ಎಲ್ಲೀತನಕಾ ಬಂದ್ರಿ?" ಎಂದ. ದನಿ ಸಣ್ಣಗಿತ್ತು. ಟೇಪಿನ ಆವಾಜು ಕಡಿಮೆ ಇಟ್ಟಿದ್ದೇನೆ ಎಂದು ಅಕ್ಕ ತಿಳಿದಳಂತೆ, ಅದನ್ನು ಆಮೇಲೆ ಅಕ್ಕನೇ ನನಗೆ ಹೇಳಿದಳು. ಉತ್ತರ ಬರಲಿಲ್ಲವೆಂದು ಅಪ್ಪ ಮತ್ತೊಮ್ಮೆ ಕೇಳಿದ. ಆಗ ಆ ಕಡೆಯಿಂದ ಅಕ್ಕನ ದನಿ ಬಂತು: "ಸಾಕ ಮಾಡು ನಿನ್ನ ನಾಟಕಾ!" ಆಮೇಲೆ ಬರೀ ಟ್ರ್ಯಾಕ್ಟರಿನ ಸದ್ದು. ಅವಳು ಬೈದದ್ದು ನನಗೆ, ಹೊರಗೆ ಚಹಾ ತರಲು ಹೋದ ತಮ್ಮನಿಗೆ. ಕೇಳಿಸಿದ್ದು ಅಪ್ಪನಿಗೆ.

"ಮಾವಾರು ನನ್ನ ಮಾರಿ ನೋಡಿದ್ರು," ಎಂದಳು ಹೆಂಡತಿ. "'ಯಾಕ ಸಿಟ್ಟಾಗ್ಯಾಳ ಅಕಿ?' ಅಂದ್ರು. ಅಷ್ಟ. ಮತ್ತ ಮಾತಾಡ್ಲಿಲ್ಲ."

ಮಗಳಿಗೆ ಏನು ಹೇಳುವುದಿತ್ತೋ ಅದು ಅವನ ಜೊತೆಗೇ ಹೋಯಿತು. ಈ ಮಾತನ್ನು ಯಾರ ಮುಂದೆಯೂ ಎತ್ತಕೂಡದು ಎಂದು ಹೆಂಡತಿಯ ಕೈ ಹಿಡಿದು ಹೇಳಿದೆ. ಅದೇ ದಿನ ಮಧ್ಯಾಹ್ನ ಟೇಪು ಕಿತ್ತೆ. ಮೊಬೈಲಿನೊಳಗಿನ ಅಪ್ಪನ ಆ ದನಿಯನ್ನು ಅಳಿಸಲು ಕೈ ಬರಲಿಲ್ಲ, ಕೇಳಲು ಧೈರ್ಯವೂ ಇಲ್ಲ. ಆ ನಮೂನೆಯ ಬಾಡಿಗೆಗೂ ಈಗ ಹೋಗುವುದಿಲ್ಲ. "ಯಾಕೋ, ದೊಡ್ಡ ಮನಶ್ಯಾ ಆದೇನ?" ಎಂದು ಹಿರಿಯರು ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ಈ ವರ್ಷ ಪಂಚಮಿಗೆ ಅಕ್ಕನನ್ನು ಕರೆಯಲು ಹೋದೆ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ಅರ್ಧ ತಾಸಿಗೊಮ್ಮೆ ಕೇಳುವವರು ಯಾರೂ ಇರಲಿಲ್ಲ. ಗಾಡಿಯ ತುಂಬ ಇಂಜಿನ್ನಿನ ಸದ್ದೊಂದೇ. ಕಾಗವಾಡದ ಚಹಾದಂಗಡಿ ಬಂದಾಗ ನಾನು ವೇಗ ಹೆಚ್ಚಿಸಿದೆ. ಅಕ್ಕ, "ನಿಂದ್ರಸು" ಎಂದಳು. ನಿಲ್ಲಿಸಿದೆ. ಇಬ್ಬರೂ ಇಳಿಯಲಿಲ್ಲ.

ಅವಳು ಆ ತೂತಿನಲ್ಲಿ ತುರುಕಿದ ಅರಿವೆಯನ್ನೇ ನೋಡುತ್ತಿದ್ದಳು.

"ಒಂದು ಕೇಳ್ತೀನಿ. ನಾ ಅವತ್ತ ಒಂದು ಮಾತ ಅಂದಿದ್ದೆ, ಟೇಪ್ ಬಂದ್ ಮಾಡೂ ಮುಂದ. ಅಪ್ಪಗ ಅದು ಕೇಳಸ್ತೇನು?"

"ಇಲ್ಲಕ್ಕಾ," ಎಂದೆ. "ಅಷ್ಟರಾಗ ಲೈನ್ ಕಟ್ಟಾಗಿತ್ತಂತ. ರೇಂಜ್ ಹೋಗಿರಬೇಕ ಅಂದ್ನಂತ ಅಪ್ಪ. ಬರ್ತಾಳ ಬಿಡು ಅಂತ ಹೇಳಿ ಮಲಗಿದ್ನಂತ."

"ಅವ್ವ ನನ್ನ ಧ್ವನಿ ಕೇಳೀನಿ ಅಂದ್ಳಲ್ಲ?"

"ಅವ್ವಗೇನ ತಿಳಿತೈತಿ. ಅಡಗಿ ಮನ್ಯಾಗ ಇದ್ಲು. ಹತ್ರ ಇದ್ದಾಕಿ ನನ್ನ ಹೇಣ್ತಿ, ಅಕಿನ ಹೇಳ್ಯಾಳ."

"ಆಣಿ?"

ತಲೆಯ ಮೇಲೆ ಕೈ ಇಟ್ಟುಕೊಂಡೆ. "ಆಣಿ."

ಅಕ್ಕ ನನ್ನ ಮುಖವನ್ನು ನೋಡಲೇ ಇಲ್ಲ. ಕೈ ಚಾಚಿ ಆ ಅರಿವೆಯನ್ನು ಬೆರಳಿನಿಂದ ಸ್ವಲ್ಪ ಒಳಗೆ ಒತ್ತಿದಳು. ಎಷ್ಟೋ ತಿಂಗಳುಗಳ ಮೇಲೆ ಅವಳ ಹೆಗಲು ಕೆಳಗಿಳಿದದ್ದು ಕಂಡಿತು.

"ಹಾಡ ಇಲ್ಲದ ಹೇಳಾಕತ್ತೀದಿ," ಎಂದಳು. "ಹಂಗಾರ ಖರೇನ ಇರಬೇಕ. ನಡಿ, ಅವ್ವ ಕಾಯ್ತಿರ್ತಾಳ."

ನಾನು ಚಾವಿ ತಿರುವಿದೆ.